ಬಾಯುಸಿರೂ ಮಕ್ಕಳ ಸ್ವರವೂ



ಮಾತಿನ ವಿಷಯವನ್ನು ಒಂದು ಸಣ್ಣ ಆಟದಿಂದ ಆರಂಭಿಸೋಣ. ತಾವು ಕುಳಿತಲ್ಲಿಯೇ ಎರಡು ಬೆರಳುಗಳಿಂದ ಮೂಗನ್ನು ಒತ್ತಿ ಹಿಡಿದುಕೊಂಡು 'ಆ' ಎನ್ನಿ, 'ಈ' ಎನ್ನಿ, 'ಊ' ಎನ್ನಿ. ಸ್ವರಗಳಿಗೆ ಹೇಳಿಕೊಳ್ಳುವಂಥ ಭಂಗವೇನೂ ಬರಲಿಲ್ಲ. ಈಗ ಬೆರಳನ್ನು ತೆಗೆಯದೆ 'ಅಮ್ಮ' ಎನ್ನಿ. ದನಿ ಎಲ್ಲಿಯೋ ತಡೆದು ನಿಂತು 'ಅಬ್ಬ'ದ ಕಡೆಗೆ ವಾಲಿತಲ್ಲವೆ? ಹಾಗೆಯೇ 'ಅಣ್ಣ' ಎಂಬುವನು 'ಅಡ್ಡ'ವಾಗುತ್ತಾನೆ, 'ಮನೆ' 'ಬದೆ'ಯಾಗುತ್ತದೆ. ಬೆರಳನ್ನು ತೆಗೆದರೆ ನಮಗೆ ಆಟ ಮುಗಿಯಿತು. ಯಾರ ಬೆರಳೂ ಇಲ್ಲದೆಯೇ ಈ ಆಟವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಡಬೇಕಾಗಿ ಬಂದ ಮಕ್ಕಳಿದ್ದಾರೆ. ಅವರು ಉಸಿರನ್ನು ಮೂಗಿನಿಂದ ಎಳೆಯಲಾರದೆ ಬಾಯಿಂದ ಎಳೆಯುತ್ತಾರೆ. ಅಂಥ ಮಕ್ಕಳ ಮಾತನ್ನು, ಮುಖ್ಯವಾಗಿ ಅವರ ಸ್ವರಗಳನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ವ್ಯಾಕರಣವನ್ನು ಪಾಠ ಹೇಳಿದವನು. ಆದರೆ ನಮ್ಮ ವೈಯಾಕರಣರು ಉಸಿರನ್ನು ಬಿಟ್ಟು ಅಕ್ಷರವನ್ನು ಯೋಚಿಸಿದವರಲ್ಲ. ಹೊಯ್ಸಳರ ಕಾಲದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಶಬ್ದವು ಹುಟ್ಟುವ ಬಗೆಯನ್ನು ಹೇಳುವಾಗ ಅನುಕೂಲವಾದ ಗಾಳಿಯನ್ನೂ ಹೇಳುತ್ತಾನೆ, ಕಹಳೆಯ ಹೋಲಿಕೆಯನ್ನೂ ಕೊಡುತ್ತಾನೆ. ಕಹಳೆಯ ಕೊಳವೆಯಲ್ಲಿ ಬಟ್ಟೆ ತುರುಕಿದರೆ ಊದುವವನ ಜಾಣ್ಮೆ ಏನು ಮಾಡೀತು? ಪಾಣಿನಿಯಂತೂ ಅನುನಾಸಿಕದ ಲಕ್ಷಣವನ್ನು ಅಷ್ಟಾಧ್ಯಾಯಿಯ ಮೊದಲ ಪಾದದಲ್ಲಿಯೇ ಹೇಳಿಬಿಟ್ಟಿದ್ದಾನೆ: ಬಾಯಿ ಮತ್ತು ಮೂಗು ಎರಡೂ ಕೂಡಿ ನುಡಿಯುವ ವರ್ಣವದು. ನಾನು ಈ ಸೂತ್ರವನ್ನು ಎಷ್ಟೋ ತರಗತಿಗಳಿಗೆ ಬಿಡಿಸಿ ಹೇಳಿದ್ದೇನೆ. ಅದರ ಅರ್ಥ ನನ್ನ ಮನೆಯಲ್ಲಿಯೇ, ನನ್ನ ಪಕ್ಕದ ಚಾಪೆಯ ಮೇಲೆಯೇ ಮಲಗಿತ್ತೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮ ಊರು ಹೊನ್ನವಳ್ಳಿ. ತಿಪಟೂರು ತಾಲ್ಲೂಕಿನ ಹೋಬಳಿ. ಹಿಂದೊಮ್ಮೆ ತಾನೇ ತಾಲ್ಲೂಕಿನ ಕೇಂದ್ರವಾಗಿದ್ದ ಊರು. ಸುತ್ತಲೂ ತೆಂಗು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗುತ್ತಿರುವ ಮನೆಗಳು, ಅಂಗಳದಲ್ಲಿ ಮಟ್ಟೆಯ ರಾಶಿ, ಗಾಳಿ ಬಂದರೆ ನಾರಿನ ಹುಡಿ. 1960ರ ದಶಕದ ಕೊನೆಯ ಮಾತು. ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ನನ್ನ ತಮ್ಮ ಆಗಷ್ಟೇ ಶಾಲೆಗೆ ಸೇರಿದ್ದ. ಅವನ ಬಾಯಿ ಸದಾ ತೆರೆದೇ ಇರುತ್ತಿತ್ತು. ಮೇಲ್ದುಟಿ ಮೋಟು, ಕಣ್ಣಿನ ಕೆಳಗೆ ನೆರಳು, ರಾತ್ರಿ ದೊಡ್ಡವರಂತೆ ಗೊರಕೆ. "ಬಾಯಿ ಮುಚ್ಕೊಳೋ, ನೊಣ ಹೋದಾತು" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ಅವನು ಮುಚ್ಚುತ್ತಿದ್ದ, ಅರೆಗಳಿಗೆಯಲ್ಲಿ ಉಸಿರು ಸಾಲದೆ ಮತ್ತೆ ತೆರೆಯುತ್ತಿದ್ದ. ಅದನ್ನು ನಾವು ಹಟವೆಂದು ಎಣಿಸಿದೆವು.

ಒಂದು ಸಂಜೆ ಲಾಂದ್ರದ ಬೆಳಕಿನಲ್ಲಿ ಅವನಿಗೆ ಓದಿಸುವ ಕೆಲಸ ನನ್ನ ಪಾಲಿಗೆ ಬಂತು. ಪಾಠದಲ್ಲಿ 'ತೆಂಗಿನ ಮರ' ಎಂದಿತ್ತು. ಅವನು ಓದಿದ್ದು 'ತೆಗ್ಗಿದ ಬರ'. ನಮ್ಮ ಸೀಮೆಯಲ್ಲಿ ತೆಗ್ಗು ಎಂದರೆ ತಗ್ಗು, ಹಳ್ಳ. ಬರ ಎಂದರೆ ಏನೆಂದು ತೆಂಗಿನ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮನೆಮಂದಿಯೆಲ್ಲ ನಕ್ಕರು. ಮರುದಿನ ನಾನು ಅದನ್ನು ಶಾಲೆಯಲ್ಲಿಯೂ ಹೇಳಿದೆ. ಆಮೇಲೆ ಅವನ ಹೆಸರೇ 'ತೆಗ್ಗು' ಎಂದಾಯಿತು. ನಾನು ಅಡಿಕೋಲಿನಿಂದ ಅವನ ಗೆಣ್ಣಿಗೆ ಹೊಡೆದು ಆ ಎರಡು ಪದಗಳನ್ನು ಎಷ್ಟು ಸಲ ಹೇಳಿಸಿದೆನೋ ಲೆಕ್ಕವಿಲ್ಲ. ಎಷ್ಟು ಹೊಡೆದರೂ ಬಾರದ ಅಕ್ಷರ ಬೇಕೆಂದೇ ಬಾರದಿರುವ ಅಕ್ಷರವೆಂದು ಎಂಟೊಂಬತ್ತು ವರ್ಷದ ನನಗೆ ತೋರಿತು. ದೊಡ್ಡವರಿಗೂ ಹಾಗೆಯೇ ತೋರಿತು. ಅವನು ಮೊದಲು ಗಟ್ಟಿಯಾಗಿ ಓದುವುದನ್ನು ಬಿಟ್ಟ, ಆಮೇಲೆ ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಬಿಟ್ಟ, ನಾಲ್ಕನೆಯ ತರಗತಿಯಾದ ಮೇಲೆ ಶಾಲೆಯನ್ನೇ ಬಿಟ್ಟ. 'ಹುಡುಗ ಮಂಕು, ಓದು ಹತ್ತಲಿಲ್ಲ' ಎಂಬುದು ತೀರ್ಪು.

ಅವನಿಗೆ ಏನಾಗಿತ್ತು? ಅಂದು ಯಾರೂ ಪರೀಕ್ಷಿಸಲಿಲ್ಲವಾದ್ದರಿಂದ ಖಚಿತವಾಗಿ ಹೇಳುವಂತಿಲ್ಲ. ಆದರೆ ಲಕ್ಷಣಗಳು ಒಂದು ಹಳೆಯ, ಸುಪರಿಚಿತವಾದ ತೊಂದರೆಯವು. ಮೂಗಿನ ಹಿಂಬದಿಯಲ್ಲಿ, ಕಿರುನಾಲಗೆಯ ಮೇಲ್ಗಡೆ, ಬಾಯಿ ತೆರೆದರೂ ಕಣ್ಣಿಗೆ ಕಾಣದ ಎಡೆಯಲ್ಲಿ ಮೆತ್ತನೆಯ ಒಂದು ಅಂಗಾಂಶವಿದೆ. ಅದಕ್ಕೆ ಅಡಿನಾಯ್ಡ್ ಎಂದು ಹೆಸರು. ಟಾನ್ಸಿಲ್ಲಿನ ದಾಯಾದಿ ಅದು. ಸೋಂಕನ್ನು ತಡೆಯುವುದು ಅದರ ಕೆಲಸ. ಎಳೆಯ ಮಕ್ಕಳಲ್ಲಿ, ಹೆಚ್ಚಾಗಿ ಮೂರರಿಂದ ಏಳು ವರ್ಷದವರೆಗೆ, ಅದು ದಪ್ಪಗಿರುತ್ತದೆ. ಕೆಲವರಲ್ಲಿ ಮೂಗಿನ ದಾರಿಯನ್ನೇ ಮುಚ್ಚುವಷ್ಟು ಬೆಳೆಯುತ್ತದೆ. ಹರೆಯದ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ಕೋಪನ್‌ಹೇಗನ್ ನಗರದ ವಿಲ್ಹೆಲ್ಮ್ ಮೈಯರ್ ಎಂಬ ವೈದ್ಯ ಈ ಬೆಳವಣಿಗೆಯನ್ನು 1868ರಲ್ಲಿ ವಿವರವಾಗಿ ವರ್ಣಿಸಿದ. ಕಿವಿಯ ಮಂದತನವನ್ನೂ ಅನುರಣನವಿಲ್ಲದ ಸತ್ತ ದನಿಯನ್ನೂ ಅವನು ಇದಕ್ಕೆ ಸಂಬಂಧಿಸಿ ಹೇಳಿದ. ಅಂದರೆ ನನ್ನ ತಮ್ಮ ಹುಟ್ಟುವುದಕ್ಕೆ ತೊಂಬತ್ತು ವರ್ಷಕ್ಕೂ ಮುಂಚೆಯೇ ಜಗತ್ತಿನ ಒಂದು ಮೂಲೆಯಲ್ಲಿ ಈ ವಿಷಯ ತಿಳಿದಿತ್ತು. ಅಡಿನಾಯ್ಡ್ ಒಂದೇ ಕಾರಣವೆಂದು ತಿಳಿಯಬಾರದು. ಒಗ್ಗದಿಕೆಯ ನೆಗಡಿ, ಮೂಗಿನ ನಡುಗೋಡೆ ಸೊಟ್ಟಗಿರುವುದು, ಟಾನ್ಸಿಲ್ ಊದಿರುವುದು, ಕಡೆಗೆ ತಡೆ ಹೋದ ಮೇಲೂ ಉಳಿದುಬಿಟ್ಟ ಅಭ್ಯಾಸ, ಹೀಗೆ ಹಲವು. ಹುಡಿ, ಹೊಗೆಗಳು ಒಗ್ಗದಿಕೆಯ ಮೂಗನ್ನು ಇನ್ನಷ್ಟು ಕೆಣಕುತ್ತವೆ. ನಾರು ಬಿಡಿಸುವ ಸೀಮೆಯವರು ಇದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಸ್ವರಗಳ ವಿಷಯ. ಮೂಗು ಹಿಡಿದರೂ 'ಆ, ಈ, ಊ' ಕೆಡಲಿಲ್ಲವಲ್ಲ, ಹಾಗಿದ್ದ ಮೇಲೆ ಬಾಯುಸಿರಿಗೂ ಸ್ವರಕ್ಕೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೂಗು ಕಟ್ಟಿದೊಡನೆ ಮೊದಲು ಕೆಡುವವು ಅನುನಾಸಿಕ ವ್ಯಂಜನಗಳೇ, ಸ್ವರಗಳಲ್ಲ. ಆದರೆ ನಮ್ಮ ಮಾತಿನಲ್ಲಿ ಸ್ವರ ಒಂಟಿಯಾಗಿ ನಿಲ್ಲುವುದು ಅಪರೂಪ. 'ನೀನು' ಎಂಬುದರ ಈಕಾರವು ಹಿಂದೆ ಮುಂದೆ ಎರಡು ನಕಾರಗಳ ನಡುವೆ ಕುಳಿತು ಮೂಗಿನ ಬಣ್ಣವನ್ನು ಕೊಂಚ ಹಚ್ಚಿಕೊಂಡಿರುತ್ತದೆ. ಬರಹದಲ್ಲಿ ಅದು ಕಾಣದು, ಕಿವಿಗೆ ಗೊತ್ತು. ಮೂಗು ಮುಚ್ಚಿದ ಮಗುವಿನಲ್ಲಿ ಆ ಬಣ್ಣ ಒಣಗುತ್ತದೆ. ಇದು ಮೊದಲನೆಯ ಮಾತು.

ಎರಡನೆಯದು ಇದಕ್ಕಿಂತ ನಿಧಾನವಾದದ್ದು, ಹೆಚ್ಚು ಆಳವಾದದ್ದು. ಬಿಂದಿಗೆಗೆ ನೀರು ತುಂಬುವಾಗ ದನಿ ಬದಲಾಗುತ್ತ ಹೋಗುವುದನ್ನು ಎಲ್ಲರೂ ಕೇಳಿದ್ದೀರಿ. ಒಳಗಿನ ಬಯಲು ಬದಲಾದಂತೆ ಅನುರಣನ ಬದಲಾಗುತ್ತದೆ. ಸ್ವರಗಳ ಗುಟ್ಟೂ ಅದೇ ಎಂಬುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ವಿವರಿಸಿದ. ಗಂಟಲಿನ ನಾದ ಒಂದೇ. ನಾಲಗೆ, ದವಡೆ, ತುಟಿಗಳು ಬಾಯೊಳಗಿನ ಬಯಲನ್ನು ಬೇರೆಬೇರೆಯಾಗಿ ಕಡೆದಾಗ ಅದು 'ಇ' ಆಗುತ್ತದೆ, 'ಉ' ಆಗುತ್ತದೆ. 'ಇ'ಗೆ ನಾಲಗೆಯ ಮುಂಭಾಗ ಅಂಗುಳಿನ ಹತ್ತಿರಕ್ಕೆ ಏರಬೇಕು. 'ಉ'ಗೆ ಹಿಂಭಾಗ ಏರಬೇಕು, ತುಟಿಗಳು ದುಂಡಾಗಿ ಕೂಡಬೇಕು. 'ಅ', 'ಆ'ಗಳಿಗೆ ನಾಲಗೆ ತಗ್ಗಿನಲ್ಲಿದ್ದರೆ ಸಾಕು. ಈಗ ಬಾಯಿಂದ ಉಸಿರಾಡುವ ಮಗುವನ್ನು ನೋಡಿ. ಮೂಗಿನಲ್ಲಿ ಉಸಿರಾಡುವವರ ನಾಲಗೆ ಬಾಯಿ ಮುಚ್ಚಿದಾಗ ಅಂಗುಳಿಗೆ ಒರಗಿ ವಿಶ್ರಮಿಸುತ್ತದೆ. ಈ ಮಗುವಿನ ನಾಲಗೆಗೆ ಆ ವಿಶ್ರಾಂತಿಯಿಲ್ಲ. ಗಾಳಿಗೆ ದಾರಿ ಬಿಡಲೆಂದು ಅದು ಹಗಲಿರುಳೂ ಕೆಳಗೆ, ಹಲ್ಲಿನ ಕಡೆಗೆ ಬಿದ್ದಿರುತ್ತದೆ. ದವಡೆ ಜೋತಿರುತ್ತದೆ, ತುಟಿಗಳು ಕೂಡುವ ರೂಢಿಯನ್ನು ಮರೆಯುತ್ತವೆ. ಬಹುಕಾಲ ಹೀಗೆ ನಡೆದರೆ ಅಂಗುಳು ಕಿರಿದಾಗಿ ಕಮಾನಿನಂತೆ ಎತ್ತರವಾಗುವುದೂ ಮುಖ ಉದ್ದವಾಗುವುದೂ ಉಂಟು. ಅಂಥ ಮಗುವಿಗೆ 'ಆ' ಸುಲಭ. 'ಇ'ಗೂ 'ಉ'ಗೂ ನಾಲಗೆ ಹೆಚ್ಚು ದೂರ ಏರಬೇಕು. ಆಯಾಸದ ಮಾತಿನಲ್ಲಿ, ಅವಸರದ ಮಾತಿನಲ್ಲಿ ಅದು ಅರ್ಧದಾರಿಯಲ್ಲಿ ನಿಂತರೆ ಇಕಾರ ಎಕಾರದ ಕಡೆಗೂ ಉಕಾರ ಒಕಾರದ ಕಡೆಗೂ ಸರಿಯುತ್ತದೆ. ದುಂಡಾಗದ ತುಟಿಯ ಉಕಾರ ಇತ್ತ ಉ ಅಲ್ಲ, ಅತ್ತ ಇ ಅಲ್ಲ. ಎಲ್ಲ ಬಾಯುಸಿರಿನ ಮಕ್ಕಳಿಗೂ ಹೀಗಾಗುತ್ತದೆಂದಲ್ಲ. ಬಾಯಿಂದ ಉಸಿರಾಡುತ್ತಲೇ ಅಚ್ಚುಕಟ್ಟಾಗಿ ನುಡಿಯುವ ಮಕ್ಕಳು ಬೇಕಾದಷ್ಟಿದ್ದಾರೆ. ನಾಲಗೆ ಬಹಳ ಹೊಂದಿಕೊಳ್ಳುವ ಅಂಗ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆ. ಕಿವಿಯೊಳಗಿನ ಗಾಳಿಯ ಒತ್ತಡವನ್ನು ಸರಿದೂಗಿಸುವುದು ಅದರ ಕೆಲಸ. ಅಡಿನಾಯ್ಡ್ ದಪ್ಪಗಾದಾಗ ಈ ನಾಳದ ಕೆಲಸಕ್ಕೂ ಅಡ್ಡಿ. ನಡುಗಿವಿಯಲ್ಲಿ ಅಂಟುದ್ರವ ತುಂಬಿಕೊಳ್ಳಬಹುದು. ನೋವಿಲ್ಲ, ಕೀವಿಲ್ಲ, ಆದ್ದರಿಂದ ಯಾರಿಗೂ ತಿಳಿಯದು. ಮಗು ಕಿವಿಗೆ ಹತ್ತಿ ಇಟ್ಟುಕೊಂಡಂತೆ ಲೋಕವನ್ನು ಕೇಳುತ್ತದೆ. ಒಂದು ವಾರ ಕೇಳಿಸುತ್ತದೆ, ಮರುವಾರ ಇಲ್ಲ. ಕರೆದಾಗ ತಿರುಗದಿದ್ದರೆ ಉದ್ಧಟ, ತಪ್ಪು ಉತ್ತರ ಕೊಟ್ಟರೆ ದಡ್ಡ. ಕನ್ನಡದಂಥ ಭಾಷೆಯಲ್ಲಿ ಈ ಮಂದತನದ ಬೆಲೆ ಏನೆಂಬುದನ್ನು ಕನ್ನಡದ ಮೇಷ್ಟ್ರಾಗಿ ನಾನು ಊಹಿಸಬಲ್ಲೆ. ನಮ್ಮಲ್ಲಿ ಸ್ವರದ ಹ್ರಸ್ವ ದೀರ್ಘಗಳಿಂದಲೇ ಅರ್ಥ ಬೇರೆಯಾಗುತ್ತದೆ: ಕೆರೆ ಎಂದರೆ ನೀರು, ಕೇರೆ ಎಂದರೆ ಹಾವು, ಕೊಡು ಎಂದರೆ ನೀಡು, ಕೋಡು ಎಂದರೆ ಕೊಂಬು. ನಮ್ಮ ವಿಭಕ್ತಿಗಳೆಲ್ಲ ಪದದ ಬಾಲದಲ್ಲಿ, ದನಿ ಇಳಿದು ಹೋಗುವ ಜಾಗದಲ್ಲಿ ಕೂತಿವೆ. ಮನೆಗೆ, ಮನೆಯಿಂದ, ಮನೆಯಲ್ಲಿ ಇವು ಮೂರೂ ಅರೆಗಿವುಡು ಮಗುವಿಗೆ ಬರಿಯ 'ಮನೆ'ಯಾಗಿ ಮುಟ್ಟಬಹುದು. ಕೇಳಿದ್ದನ್ನಲ್ಲವೆ ಮಗು ನುಡಿಯುವುದು?

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಸೀಮೆಯ ಹಳ್ಳಿಗರು 'ಹಾಲು' ಎನ್ನುವಲ್ಲಿ 'ಆಲು' ಎನ್ನುತ್ತಾರೆ, 'ಹೋಗು' ಎನ್ನುವಲ್ಲಿ 'ಓಗು' ಎನ್ನುತ್ತಾರೆ. ಇದನ್ನು ನಾಲಗೆಯ ದೋಷವೆಂದು ತಿದ್ದಲು ಹೊರಡುವ ಉಪಾಧ್ಯಾಯರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಆದರೆ ಹಳಗನ್ನಡದ 'ಪಾಲ್' ಮುಂದೆ 'ಹಾಲು' ಆದಾಗ ಕನ್ನಡಕ್ಕೆ ರೋಗ ಬಂದಿತ್ತೆಂದು ಯಾರೂ ಹೇಳುವುದಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರೆ 'ಆಲು'. ಸ್ವರಗಳೂ ಹೀಗೆಯೇ. ಹಳಗನ್ನಡದ 'ಕಿಡು' ಇಂದು 'ಕೆಡು' ಆಗಿದೆ. ಉತ್ತರದವರು 'ಮನಿ' ಎಂದರೆ ಅವರ ನಾಲಗೆ ಹೆಚ್ಚು ಏರಿತೆಂದು ಔಷಧ ಕೊಡುವುದುಂಟೆ? ಊರಿಗೆ ಊರೇ ಹಾಗೆ ನುಡಿದರೆ ಅದು ಆ ಊರಿನ ಕನ್ನಡ. ಅಪ್ಪ, ಅಮ್ಮ, ಬೀದಿಯ ಗೆಳೆಯರು ಎಲ್ಲರೂ ಒಂದು ಬಗೆಯಲ್ಲಿ ನುಡಿಯುವಾಗ ಒಂದು ಮಗು ಮಾತ್ರ ಬೇರೆಯಾಗಿ ನುಡಿದರೆ, ಆಗ ಕಿವಿಗೊಟ್ಟು ಕೇಳಬೇಕು. ನನ್ನ ತಮ್ಮ ಊರಿನವರೆಲ್ಲರಂತೆ 'ಆಲು' ಎನ್ನುತ್ತಿದ್ದ. ಆದರೆ 'ತೆಗ್ಗಿದ ಬರ' ಎನ್ನುತ್ತಿದ್ದವನು ಅವನೊಬ್ಬನೇ. ನಾವು ಎರಡಕ್ಕೂ ಹೊಡೆದೆವು.

ಇನ್ನೊಂದು ಗೊಂದಲ ನಮ್ಮ ಮಾತಿನ ಬಳಕೆಯಲ್ಲಿಯೇ ಇದೆ. 'ಮೂಗಿನಲ್ಲಿ ಮಾತಾಡುತ್ತಾನೆ' ಎಂದು ನಾವು ಎರಡು ವಿರುದ್ಧ ಸ್ಥಿತಿಗಳಿಗೂ ಹೇಳುತ್ತೇವೆ. ಮೂಗು ಮುಚ್ಚಿದವನಿಗೆ ಮೂಗಿನ ಅನುರಣನ ಸಾಲದು. ಸೀಳಂಗುಳದಂಥ ತೊಂದರೆಯಲ್ಲಿ ಇದರ ತಿರುಗುಮುರುಗು: ಬಾಯಿಗೂ ಮೂಗಿಗೂ ನಡುವಣ ಬಾಗಿಲು ಮುಚ್ಚುವುದೇ ಇಲ್ಲ, ಗಾಳಿ ಮೂಗಿಗೆ ಸೋರುತ್ತದೆ, ಸ್ವರಗಳೇ ಅನುನಾಸಿಕವಾಗುತ್ತವೆ, ಅದರಲ್ಲಿಯೂ 'ಈ', 'ಊ'ಗಳು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಅಪಾಯ. ಸೀಳು ಅಂಗುಳಿನ ಚರ್ಮದಡಿ ಮರೆಯಾಗಿಯೂ ಇರಬಹುದಾದ್ದರಿಂದ, ಅಡಿನಾಯ್ಡ್ ತೆಗೆಯುವ ಮುಂಚೆ ವೈದ್ಯರು ಅಂಗುಳನ್ನೂ ನೋಡುತ್ತಾರೆ. ಇದನ್ನು ಬಲ್ಲವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದ ನಡುವಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ವಾಕ್ಕನ್ನೂ ಶ್ರವಣವನ್ನೂ ಒಂದೇ ಹೆಸರಿನಲ್ಲಿ ಕೂಡಿಸಿಕೊಂಡಿರುವುದು ಎಷ್ಟು ಅರ್ಥವತ್ತಾಗಿದೆ! ನನ್ನ ತಮ್ಮ ಪೆಟ್ಟು ತಿನ್ನುತ್ತಿದ್ದ ವರ್ಷಗಳಲ್ಲಿಯೇ ಆ ಸಂಸ್ಥೆ ಕೆಲಸ ಆರಂಭಿಸಿತ್ತು. ಹೊನ್ನವಳ್ಳಿಯಿಂದ ಮೈಸೂರು ಅಷ್ಟೇನೂ ದೂರವಲ್ಲ. ಅಂದು ನಮಗೆ ಅದು ಕೋಪನ್‌ಹೇಗನ್ನಿನಷ್ಟೇ ದೂರವಾಗಿತ್ತು.

ಇಂದು ಅಷ್ಟು ದೂರವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಕಿವಿ ಮಂದವಾಗಿರುವುದು, ಮಾತು ತಡವಾಗಿರುವುದು ಅವರ ಪಟ್ಟಿಯಲ್ಲಿವೆ. ಆದರೆ ವರ್ಷಕ್ಕೆ ಒಂದೆರಡು ಸಲ ಬರುವವರಿಗೆ ಮಗುವಿನ ರಾತ್ರಿಯ ಗೊರಕೆ ಕೇಳಿಸದು, ಅದನ್ನು ಮನೆಯವರೇ ಹೇಳಬೇಕು. ಗುಣಪಡಿಸುವ ಬಗೆ ಕಾರಣವನ್ನು ಅವಲಂಬಿಸಿದೆ. ಒಗ್ಗದಿಕೆಗೆ ಮೂಗಿಗೆ ಸಿಂಪಡಿಸುವ ಔಷಧ ಸಾಕಾಗಬಹುದು. ಕೆಲವು ಮಕ್ಕಳನ್ನು ಕಾದು ನೋಡಬಹುದು. ಕೆಲವರಿಗೆ ಶಸ್ತ್ರಕ್ರಿಯೆ ಬೇಕಾದೀತು. ಅದನ್ನು ತೀರ್ಮಾನಿಸುವವರು ಕಿವಿ, ಮೂಗು, ಗಂಟಲಿನ ವೈದ್ಯರು. ತಡೆ ಹೋದ ಮೇಲೂ ನಾಲಗೆ ಹಳೆಯ ಜಾಗವನ್ನೇ ಹಿಡಿದುಕೊಂಡಿದ್ದರೆ ವಾಕ್ ಚಿಕಿತ್ಸಕರ ನೆರವು ಬೇಕು. ಅಮೆರಿಕದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ 1860ರ ದಶಕದಲ್ಲಿ ಬಾಯಿ ಮುಚ್ಚಿ ಮಲಗುವುದನ್ನು ಹೊಗಳಿ ಒಂದು ಪುಸ್ತಕವನ್ನೇ ಬರೆದ. ಅಲ್ಲಿನ ಮೂಲನಿವಾಸಿಗಳ ತಾಯಂದಿರು ಮಲಗಿದ ಕೂಸಿನ ತುಟಿಗಳನ್ನು ಮೆಲ್ಲಗೆ ಕೂಡಿಸುವುದನ್ನು ಅವನು ಕಂಡಿದ್ದ. ಆ ದೃಶ್ಯ ಚೆಲುವಾದದ್ದೇ. ಈಚೆಗೆ ಮಲಗುವಾಗ ತುಟಿಗೆ ಅಂಟುಪಟ್ಟಿ ಹಚ್ಚುವ ಹುಚ್ಚೊಂದು ಹಬ್ಬಿದೆಯಂತೆ. ಮೂಗು ಕಟ್ಟಿದ ಮಗುವಿನ ಬಾಯಿಗೆ ಪಟ್ಟಿ ಹಚ್ಚುವುದೆಂದರೆ ಉಳಿದಿರುವ ಒಂದು ಬಾಗಿಲಿಗೂ ಬೀಗ ಹಾಕುವುದು. ದಯವಿಟ್ಟು ಯಾರೂ ಮಾಡಬೇಡಿ.

ನನ್ನ ತಮ್ಮನ ಮೂಗು ಅವನಿಗೆ ಹದಿಮೂರು ಹದಿನಾಲ್ಕಾಗುವ ಹೊತ್ತಿಗೆ ತಾನಾಗಿಯೇ ಬಿಟ್ಟಿತು. 'ತೆಂಗು' ತೆಂಗಾಯಿತು, 'ಮರ' ಮರವಾಯಿತು. ಆಗ ಅವನು ತೋಟದಲ್ಲಿ ನೀರು ಕಟ್ಟುತ್ತಿದ್ದ. ಆ ಬದಲಾವಣೆಯನ್ನು ಯಾರೂ ಗಮನಿಸಲಿಲ್ಲ, ನಾನಂತೂ ಹೊರಗಿನ ಊರಿನಲ್ಲಿ ಓದುತ್ತಿದ್ದೆ. ಶಾಲೆಯ ದಾರಿ ಮಾತ್ರ ಮತ್ತೆ ತೆರೆಯಲಿಲ್ಲ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಸಂಜೆ ನಮ್ಮ ಜಗುಲಿಗೆ ನಾಲ್ಕಾರು ಮಕ್ಕಳು ಓದಲು ಬರುತ್ತಾರೆ. ಹೋದ ಮಾಗಿಯಲ್ಲಿ ಪಕ್ಕದ ಮನೆಯ ಆರು ವರ್ಷದ ಹುಡುಗಿಯೊಬ್ಬಳು ಪುಸ್ತಕ ಹಿಡಿದು 'ಅಬ್ಬ ಬದೆಗೆ ಬದಳು' ಎಂದು ಓದಿದಳು. ಉಳಿದ ಮಕ್ಕಳು ನಕ್ಕರು. ನನ್ನ ಕೈಬೆರಳುಗಳು ತಣ್ಣಗಾದವು. ನಾನು ಅವಳ ತಾಯಿಯನ್ನು ಕರೆದು ವಿಚಾರಿಸಿದೆ. "ನೆಗಡಿ ಅಷ್ಟೇ ಮೇಷ್ಟ್ರೇ, ಚಳಿ ಹೋದ್ರೆ ಸರಿಹೋಗ್ತಾಳೆ" ಎಂದರು ಆಕೆ. ರಾತ್ರಿ ಗೊರಕೆ ಹೊಡೆಯುತ್ತಾಳೆಯೇ ಎಂದು ಕೇಳಿದೆ. "ಅವರಪ್ಪನಿಗಿಂತ ಜೋರು" ಎಂದು ನಕ್ಕರು. ಟೀವಿಯ ದನಿ ಜೋರು ಮಾಡಿಕೊಳ್ಳುತ್ತಾಳೆಯೇ ಎಂದೆ. ಆಗ ಅವರು ನಗಲಿಲ್ಲ. ಆಮೇಲಿನದನ್ನು ವೈದ್ಯರು ನೋಡಿಕೊಂಡರು. ಅಡಿನಾಯ್ಡನ್ನು ತೆಗೆದರು, ಕಿವಿಯನ್ನು ಪರೀಕ್ಷಿಸಿ ಉಪಚರಿಸಿದರು. ಕೆಲವು ದಿನ ಅವಳ ಮಾತು ಮೂಗಿನೊಳಗೇ ಸುತ್ತುತ್ತಿತ್ತು. ಹಾಗಾಗುವುದುಂಟೆಂದು ವೈದ್ಯರು ಮುಂಚೆಯೇ ಹೇಳಿದ್ದರು. ನಿಧಾನವಾಗಿ ಅದೂ ಹೋಯಿತು.

ಈಚೆಗೆ ಒಂದು ಸಂಜೆ ಅವಳಿಗೆ 'ತೆಂಗಿನ ಮರ' ಎನ್ನಲು ಹೇಳಿದೆ. ಎಂದಳು. ಹಿತ್ತಿಲಿನಲ್ಲಿ ನನ್ನ ತಮ್ಮ ಹಾರೆಯ ಮೊನೆಗೆ ಕಾಯಿ ಕುಕ್ಕಿ ಸುಲಿಯುತ್ತಿದ್ದ. ಹಾರೆಯ ಸದ್ದು ನಿಂತಿತು. ಮಟ್ಟೆಯ ಹುಡಿಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಜಗುಲಿಯ ಕಂಬದ ಹತ್ತಿರ ಬಂದು ನಿಂತ. ಅವನ ಹಕಾರ ಇಂದಿಗೂ ಬಂದಿಲ್ಲ; ಬರಬೇಕಾಗಿಯೂ ಇಲ್ಲ.

"ಇನ್ನೊಂದ್ಸಲ ಏಳು, ಮಗಾ" ಎಂದ.